ಚೌಕಿಯಲ್ಲಿ ಬಿಡಿಸಿದ ಮೂರು ಗ್ರಾಫುಗಳು

ನಲವತ್ತೆರಡರ ಮಳೆಗಾಲದಲ್ಲಿ ನಾನು ಪುಣೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅದಕ್ಕೂ ಮೊದಲು ಬೆಳಗಾವಿಯಲ್ಲಿ ಎಂಟು ವರ್ಷ ಅದೇ ಕೆಲಸ ಮಾಡಿದ್ದೆ. ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದು ನಾನು, ನನ್ನ ಹೆಂಡತಿ, ಅವಳ ತಂಗಿ ಮೂವರು ಇದ್ದೆವು. ತಂಗಿಗೆ ಆಗ ಹದಿನೆಂಟು. ಹುಡುಗಿ ಗಣಿತದಲ್ಲಿ ಚುರುಕಾಗಿದ್ದಾಳೆ, ನಿಮ್ಮ ಕಣ್ಣ ಮುಂದಿದ್ದು ಕಾಲೇಜು ಓದಲಿ ಎಂದು ಧಾರವಾಡದ ನನ್ನ ಮಾವ ಅವಳನ್ನು ನನ್ನ ಸುಪರ್ದಿಗೆ ಕಳಿಸಿದ್ದರು.

ಅವಳಿಗೊಂದು ಆಟವಿತ್ತು. ಸಮೀಕರಣ ಕೊಟ್ಟರೆ ಗ್ರಾಫ್ ಬಿಡಿಸುವುದು ನಮಗೆಲ್ಲ ಗೊತ್ತಿದ್ದದ್ದೇ. ಅವಳು ಅದನ್ನು ತಿರುವಿ ಹಾಕಿದ್ದಳು. ಮೊದಲು ನಗು ತರಿಸುವ ಒಂದು ಆಕಾರ ಯೋಚಿಸುವುದು, ಆಮೇಲೆ ಅದರ ಒಂದೊಂದು ಗೆರೆಗೂ ಒಂದೊಂದು ಸಮೀಕರಣ ಹುಡುಕುವುದು. ಚಿತ್ರವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಬರೀ ಸಮೀಕರಣಗಳನ್ನು ಕಾಗದದ ಮೇಲೆ ಬರೆದು ಗೆಳತಿಯರಿಗೆ ಕೊಡುತ್ತಿದ್ದಳು. ಅವರು ಚೌಕಳಿ ಕಾಗದದ ಮೇಲೆ ಬಿಂದು ಇಟ್ಟು, ಬಿಂದುಗಳನ್ನು ಕೂಡಿಸಿ, ಬಂದದ್ದು ಏನೆಂದು ನೋಡಿಕೊಂಡು ನಗಬೇಕು. ಒಮ್ಮೆ ನನಗೂ ಒಂದು ಕೊಟ್ಟಿದ್ದಳು. ಶಾಲೆಯ ಬಿಡುವಿನಲ್ಲಿ ಅರ್ಧ ತಾಸು ಕೂತು ಬಿಡಿಸಿದೆ. ಅಂಗಾತ ಬಿದ್ದು ಕಾಲು ಬಡಿಯುತ್ತಿರುವ ಆಮೆ ಬಂತು. ಪಕ್ಕದಲ್ಲಿದ್ದ ಸಂಸ್ಕೃತದ ಮಾಸ್ತರರಿಗೆ ಕಾಣದಂತೆ ಅದನ್ನು ಪುಸ್ತಕದೊಳಗೆ ಬಚ್ಚಿಟ್ಟು, ಮನೆಗೆ ಬಂದ ಮೇಲೆ, ಇಂಥದಕ್ಕೆ ವೇಳೆ ಕಳೆಯಬೇಡ ಎಂದು ಅವಳಿಗೆ ಬುದ್ಧಿ ಹೇಳಿದೆ. ಅವಳು ಹೂಂ ಅಂದಳು. ನಾನು ಎಷ್ಟು ನಕ್ಕಿರಬೇಕೆಂಬುದು ಅವಳಿಗೆ ಗೊತ್ತಿತ್ತು.

ಆಗ ಊರಿನಲ್ಲಿ ದಿನಕ್ಕೊಂದು ಮೆರವಣಿಗೆ, ದಿನಕ್ಕೊಂದು ಲಾಠಿ. ಒಂದು ದಿನ ಅವಳ ಗೆಳತಿಯೊಬ್ಬಳು ಮೆರವಣಿಗೆಯಲ್ಲಿ ಸಿಕ್ಕುಬಿದ್ದಳು. ಅವಳ ಚೀಲದಲ್ಲಿ ಕರಪತ್ರಗಳಿದ್ದವು. ಕರಪತ್ರಗಳ ನಡುವೆ ನಮ್ಮ ಹುಡುಗಿಯ ಕೈಬರಹದ ಮೂರು ಕಾಗದಗಳಿದ್ದವು. ಅವುಗಳಲ್ಲಿ ಒಂದು ಶಬ್ದವೂ ಇರಲಿಲ್ಲ. ಎಕ್ಸ್, ವಾಯ್, ಅಂಕಿ, ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂಬ ಗುರುತು, ಅಷ್ಟೇ. ಪೋಲೀಸರು ಅದನ್ನು ಗುಪ್ತ ಲಿಪಿ ಎಂದು ತಿಳಿದರು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋದ ಮೇಲೆ ವಾಡೆಗೆ ಬಂದು ಅವಳನ್ನು ಕರೆದುಕೊಂಡು ಹೋದರು. ಇವು ಗಣಿತ, ಬೇಕಾದರೆ ನಮ್ಮ ಭಾವನವರನ್ನು ಕೇಳಿ ಎಂದು ಅವಳು ಹೇಳಿದಳಂತೆ. ಹೀಗಾಗಿ ಶಿಪಾಯಿಯೊಬ್ಬ ನನ್ನ ತರಗತಿಯ ಬಾಗಿಲಿಗೇ ಬಂದು ನಿಂತ.

ಪೋಲೀಸ್ ಚೌಕಿಯಲ್ಲಿ ಮೇಜಿನ ಆಚೆ ಇಂಗ್ಲಿಷ್ ಸಾಹೇಬ ಕೂತಿದ್ದ. ಅವನ ಬದಿಗೆ ಫೌಜದಾರ ನಿಂತಿದ್ದ. ಫೌಜದಾರನ ಮುಖ ನೋಡಿ ನನಗೆ ಜೀವ ಬಂದಂತಾಯಿತು. ಬೆಳಗಾವಿಯಲ್ಲಿ ನನ್ನ ಕೈಯಲ್ಲೇ ಕಲಿತ ಹುಡುಗ. ಅವನೂ ಗುರುತು ಹಿಡಿದು, ಸಾಹೇಬನಿಗೆ ಕಾಣದಷ್ಟು ಸಣ್ಣದಾಗಿ ತಲೆ ಬಾಗಿಸಿದ. ನಮ್ಮ ಹುಡುಗಿ ಗೋಡೆಯ ಹತ್ತಿರದ ಬಾಕಿನ ಮೇಲೆ ಕೂತಿದ್ದಳು. ಹೆದರಿದಂತೆ ಕಾಣಲಿಲ್ಲ. ಮುಂಜಾನೆಯಿಂದ ನೀರು ಕೊಟ್ಟಿಲ್ಲ ಎಂದಷ್ಟೇ ಹೇಳಿದಳು.

ಇದು ಮಕ್ಕಳ ಆಟ, ಬಿಡಿಸಿದರೆ ಚಿತ್ರ ಬರುತ್ತದೆ ಎಂದು ನಾನು ಸಾಹೇಬನಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಹಾಗಿದ್ದರೆ ಇಲ್ಲೇ ಬಿಡಿಸಿ ತೋರಿಸು ಎಂದ. ಚೌಕಳಿ ಕಾಗದ, ಪೆನ್ಸಿಲ್ ತರಿಸಿದ. ಅವನು ಒರಟನಾಗಿರಲಿಲ್ಲ. ಪ್ರತಿಯೊಂದನ್ನೂ ಕಣ್ಣಾರೆ ನೋಡಿ ನಂಬುವ ಪೈಕಿ.

ಮೊದಲ ಕಾಗದದಿಂದ ಟೊಪ್ಪಿಗೆ ಹಾಕಿದ ಮೀನು ಬಂತು. ಸಾಹೇಬ ಹುಬ್ಬು ಏರಿಸಿದ. ಎರಡನೆಯದರಲ್ಲಿ ಎರಡು ಸಣ್ಣ ವೃತ್ತ, ನಡುವೆ ಒಂದು ಕಮಾನು, ಸುತ್ತ ಒಂದು ದೊಡ್ಡ ವೃತ್ತ, ನೆತ್ತಿಯ ಮೇಲೆ ಮೂರು ನೆಟ್ಟನೆಯ ಗೆರೆ. ಬಿಡಿಸಿ ಮುಗಿಯುವವರೆಗೂ ನನಗೆ ತಿಳಿಯಲಿಲ್ಲ. ಅದು ನಾನೇ. ನನ್ನ ಚಾಳೀಸು, ನನ್ನ ಬೋಳು ತಲೆ, ಅದರಲ್ಲಿ ಉಳಿದ ನಾಲ್ಕು ಕೂದಲಲ್ಲಿ ಮೂರು. ಸಾಹೇಬ ಕಾಗದವನ್ನೂ ನನ್ನನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಫೌಜದಾರ ನಕ್ಕ. ಮಾನ ಹೋದರೂ ಹುಡುಗಿ ಉಳಿದಳು ಎಂದುಕೊಂಡು ನಾನೂ ನಕ್ಕೆ. ಅವಳೊಬ್ಬಳೇ ನಗಲಿಲ್ಲ. ಅವಳು ಮೂರನೆಯ ಕಾಗದವನ್ನೇ ನೋಡುತ್ತಿದ್ದಳು.

ಅದರಲ್ಲೂ ಒಂದು ವೃತ್ತ. ಮೇಲೊಂದು ಅಡ್ಡಗೆರೆ, ಅಡ್ಡಗೆರೆಯ ಮೇಲೊಂದು ಅರ್ಧವೃತ್ತ. ಸಾಹೇಬರು ಹಾಕುವ ಬಿಸಿಲು ಟೊಪ್ಪಿಗೆ. ಅಲ್ಲಿಂದ ನಾನು ಬಿಂದುಗಳನ್ನು ನಿಧಾನವಾಗಿ ಇಡತೊಡಗಿದೆ. ಕೊನೆಯಲ್ಲಿ ಉಳಿದದ್ದು ಒಂದೇ ಸಮೀಕರಣ: ಎಕ್ಸ್ ವರ್ಗವನ್ನು ನಾಲ್ಕರಿಂದ ಭಾಗಿಸಬೇಕು, ಮೈನಸ್ ನಾಲ್ಕರಿಂದ ನಾಲ್ಕರವರೆಗೆ. ಮೂಗಿನ ಕೆಳಗೆ ಶುರುವಾಗಿ ಎರಡೂ ಕಡೆ ಮೇಲಕ್ಕೆ ಎದ್ದು ನಿಲ್ಲುವ ಗೆರೆ. ತಲೆ ಎತ್ತಿ ನೋಡಿದೆ. ಎದುರಿಗೆ ಸಾಹೇಬ ತನ್ನ ಮೀಸೆಯ ತುದಿಯನ್ನು ಹುರಿ ಮಾಡುತ್ತ ಕೂತಿದ್ದ. ಮೇಣ ಹಚ್ಚಿ ಎರಡೂ ಕಡೆ ಕೊಂಬಿನಂತೆ ಏರಿಸಿದ ಮೀಸೆ. ಇಡೀ ಪೇಠೆಯ ಮಕ್ಕಳಿಗೆ ಅದರ ಗುರುತಿತ್ತು.

ನಾನು ಬಲಗಡೆಯ ಬಿಂದುಗಳನ್ನು ಸರಿಯಾಗಿ ಇಟ್ಟೆ. ಎಡಗಡೆಯವನ್ನು, ಅಂದರೆ ಮೈನಸ್ ಎರಡರದು, ಮೈನಸ್ ನಾಲ್ಕರದು, ಬೇಕೆಂದೇ ಕೆಳಗೆ ಇಟ್ಟೆ. ಗೆರೆ ಒಂದು ಕಡೆ ಏರಿ ಇನ್ನೊಂದು ಕಡೆ ಜೋತು ಬಿತ್ತು. ಮೀಸೆ ಹೋಗಿ ಹಾವಿನ ಮರಿಯಂಥದೇನೋ ಆಯಿತು. ಹದಿನೈದು ವರ್ಷ ಗಣಿತ ಕಲಿಸಿದವನು ತಿಳಿದೂ ತಿಳಿದೂ ತಪ್ಪು ಬಿಂದು ಇಟ್ಟದ್ದು ಅದೇ ಮೊದಲು. ಇದೇನು ಎಂದು ಸಾಹೇಬ ಕೇಳಿದ. ಏನೂ ಅಲ್ಲ, ಹುಡುಗಿ ಇನ್ನೂ ಕಲಿಯುತ್ತಿದ್ದಾಳೆ, ಇದು ಕೆಟ್ಟು ಹೋಗಿದೆ ಎಂದೆ. ಅವನು ಕಾಗದಗಳನ್ನು ಒಟ್ಟು ಮಾಡತೊಡಗಿದ.

ಆಗ ಫೌಜದಾರ ಬಗ್ಗಿ ನೋಡಿದ. "ಮಾಸ್ತರ್ರ, ಇಲ್ಲೆ ತಪ್ಪೇತ್ರಿ," ಎಂದ. "ಮೈನಸ್ ನಾಕರ ವರ್ಗ ಪ್ಲಸ್ ಆಗ್ತದಲ್ರೀ."

ಅವನ ಮುಖದಲ್ಲಿ ಕಪಟವಿರಲಿಲ್ಲ. ಬೆಳಗಾವಿಯಲ್ಲಿ ಇದೇ ತಪ್ಪಿಗೆ ಅವನನ್ನು ನಾನು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ಅದು ನೆನಪಿದೆ ಎಂದು ಗುರುಗಳಿಗೆ ತೋರಿಸುವ ಸಂತೋಷವಷ್ಟೇ ಇತ್ತು. ಏನಂದೆ ಎಂದು ಸಾಹೇಬ ಕೇಳಿದ. ಫೌಜದಾರ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಸರಿ ಮಾಡು ಎಂದು ಸಾಹೇಬ ನನಗೆ ರಬ್ಬರು ಕೊಟ್ಟ.

ಪೆನ್ಸಿಲಿನ ಮೊನೆ ಮುರಿಯಬೇಕೆನಿಸಿತು. ಮುರಿದರೆ ಇನ್ನೊಂದು ಪೆನ್ಸಿಲ್ ಬರುತ್ತಿತ್ತು. ಬಿಂದುಗಳನ್ನು ಮೇಲಕ್ಕೆ ಇಟ್ಟೆ, ಕೂಡಿಸಿದೆ. ಅರ್ಧ ಗೆರೆಗೇ ಫೌಜದಾರನಿಗೆ ತಿಳಿಯಿತು. ಅವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಬಾಗಿಲಲ್ಲಿದ್ದ ಶಿಪಾಯಿ ಕೆಮ್ಮಿದಂತೆ ಮಾಡಿ ಹೊರಗೆ ಹೋದ. ಬಾಕಿನ ಮೇಲಿಂದ ಒಂದು ಸದ್ದು ಕೇಳಿತು. ಹುಡುಗಿ ಸೆರಗನ್ನು ಬಾಯಿಗೆ ತುರುಕಿಕೊಂಡು, ಎರಡು ಮಡಿಕೆಯಾಗಿ ಬಾಗಿ, ನಗುತ್ತಿದ್ದಳು. ತಡೆಯಲು ನೋಡಿದಷ್ಟೂ ಹೆಚ್ಚಾಗುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಎದೆಯಲ್ಲಿ ಅಷ್ಟು ಭಯವಿದ್ದೂ ನನಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು.

ಸಾಹೇಬ ನಗಲಿಲ್ಲ. ಹಾಗಾದರೆ ಗುಪ್ತ ಲಿಪಿಯಲ್ಲ ಎಂದು ಮೆಲ್ಲಗೆ ಹೇಳಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಎದ್ದುಹೋದ. ಸಂಜೆಯ ಹೊತ್ತಿಗೆ ಹುಕುಂ ಬಂತು. ಗೆಳತಿಯ ಜೊತೆ ಅವಳೂ ಯೆರವಡಾ ಜೈಲಿಗೆ. ಕಾರಣ ಕರಪತ್ರ ಎಂದಿತ್ತು. ನಮ್ಮ ಹುಡುಗಿಯ ಹತ್ತಿರ ಒಂದು ಕರಪತ್ರವೂ ಸಿಕ್ಕಿರಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಹೆಂಡತಿ ಕೂಗಾಡಲಿಲ್ಲ. ಒಲೆಯ ಮುಂದೆ ಕೂತವಳು ತಿರುಗಿ ನೋಡದೆ, "ಮೊದಲಽ ನೋಡಿ ಬಿಡಸಬಾರದಾಗಿತ್ತೇನ್ರಿ?" ಎಂದಳು. ಮಾವನಿಗೆ ಪತ್ರ ಬರೆಯಲು ಕೂತು ಮೂರು ಸಲ ಹರಿದು ಹಾಕಿದೆ.

ಫೌಜದಾರ ಒಂದು ಭಾನುವಾರ ಮಧ್ಯಾಹ್ನ ಅಂಗಿ ಧೋತರದಲ್ಲಿ ವಾಡೆಗೆ ಬಂದ. ಒಳಗೆ ಬರಲಿಲ್ಲ. "ಬಾಯಿ ತಪ್ಪಿ ಬಂತ್ರಿ, ಮಾಸ್ತರ್ರ," ಎಂದು ಹೊಸ್ತಿಲಾಚೆ ನಿಂತ. ಬಯ್ಯಲೂ ಆಗಲಿಲ್ಲ, ಇರಲಿ ಬಿಡು ಎನ್ನಲೂ ಆಗಲಿಲ್ಲ. ಬೆಳಗಾವಿಯಲ್ಲಿ ಮಳೆ ಹೇಗಿದೆ ಎಂದು ಕೇಳಿದೆ. ಚಲೋ ಆಗೇದ್ರಿ ಎಂದು ಹೇಳಿ ಹೋದ.

ಅವಳು ನಾಲ್ಕು ತಿಂಗಳಿಗೆ ಹೊರಗೆ ಬಂದಳು. ಮಲೇರಿಯಾ ಹತ್ತಿ ಬಿಟ್ಟಿತ್ತು, ಕೂದಲು ಉದುರಿತ್ತು. ಜೈಲಿನ ಹೆಂಗಸರಿಗೆ ಅಂಕಿ ಬರೆಯಲು ಕಲಿಸಿದೆ ಎಂದಷ್ಟೇ ಅಕ್ಕನಿಗೆ ಹೇಳಿದಳು. ನನ್ನ ಜೊತೆ ಮೊದಲಿನಂತೆಯೇ ಮಾತಾಡಿದಳು. ಅದೇ ನನಗೆ ತಡೆಯಲಾಗಲಿಲ್ಲ. ಕಾಲೇಜಿನವರು ತಿರುಗಿ ಸೇರಿಸಿಕೊಳ್ಳಲಿಲ್ಲ. ಮಾವ ಊರಿಗೆ ಬಾ ಎಂದು ಬರೆದರು.

ಅವಳನ್ನು ರೈಲು ಹತ್ತಿಸಲು ನಾನೊಬ್ಬನೇ ಹೋದೆ. ಕ್ಷಮಿಸು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಟಾಂಗಾದಲ್ಲಿ ಮಾತು ಜೋಡಿಸಿಕೊಂಡಿದ್ದೆ. ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಅವಳು ಕೂತಿದ್ದಳು, ನಾನು ಕೆಳಗೆ ನಿಂತಿದ್ದೆ. ಗಾಡಿ ಅಲುಗಿತು. "ನೀರಿನ ತಂಬಿಗಿ ತಗೊಂಡಿ ಹೌದಿಲ್ಲೊ?" ಎಂದೆ.

"ತಗೊಂಡೇನ್ರಿ ಭಾವಾ," ಎಂದಳು. ಅದನ್ನು ಎತ್ತಿ ತೋರಿಸಿದಳು. ನಾನು ತಲೆ ಅಲ್ಲಾಡಿಸುತ್ತ, ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಗಾಡಿಯ ಜೊತೆ ನಡೆದೆ.