ಹುಟ್ಟಿದ ತಾರೀಖಿಲ್ಲದವಳು

ಕೃಷ್ಣರಾಜ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಹೂವು ಮಾರಿದ ಹರಿಣಾಕ್ಷಿ, ಬೆನ್ನು ಸೋತ ಮೇಲೆ ಚಾಮರಾಜಪೇಟೆಯಲ್ಲಿ ಒಂದು ಇಂಟರ್‌ನೆಟ್ ಸೆಂಟರ್ ಹಾಕಿದಳು. ಹತ್ತು ಕಂಪ್ಯೂಟರು, ಎರಡು ಫ್ಯಾನು. ಬಾಗಿಲ ಪಕ್ಕದಲ್ಲಿ ಅವಳೇ ಕೂರುತ್ತಿದ್ದಳು. ಇಂಗ್ಲಿಷ್ ಬಾರದು, ಆದರೆ ಆಟವಾಡಲು ಬಂದ ಹುಡುಗರಲ್ಲಿ ಶಾಲೆಗೆ ಚಕ್ಕರ್ ಹೊಡೆದವನು ಯಾರು ಎಂಬುದು ಅವನು ಚಪ್ಪಲಿ ಬಿಡುವ ಅವಸರದಲ್ಲೇ ತಿಳಿಯುತ್ತಿತ್ತು. ಅಂಥವನ ಕಿವಿ ಹಿಂಡಿ ವಾಪಸ್ಸು ಕಳಿಸುತ್ತಿದ್ದಳು. ಅದಕ್ಕೆ ಯಾವ ಕಾನೂನೂ ಬೇಕಾಗಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಕಾನೂನು ಬಂತು. ಆನ್‌ಲೈನ್ ಆಟಗಳಿಗೆಲ್ಲ ವಯಸ್ಸಿನ ದರ್ಜೆಯಂತೆ. ಹದಿನೆಂಟು ತುಂಬಿದೆ ಎಂಬ ದಾಖಲೆ ಇಲ್ಲದವರು ಆಟವಿರುವ ಸೆಂಟರಿನೊಳಗೆ ಕೂರುವಂತಿಲ್ಲವಂತೆ. ಕೂರಬೇಕಾದರೆ ಪೋಷಕರ ಒಪ್ಪಿಗೆಪತ್ರ ಬೇಕಂತೆ. ಬರೆದ ಪುಣ್ಯಾತ್ಮ ಹುಡುಗರನ್ನು ದೂರದಿಂದಲಾದರೂ ನೋಡಿದ್ದನೋ ಇಲ್ಲವೋ. ವಾರದೊಳಗೆ ಎಲ್ಲರೂ ಅಣ್ಣಂದಿರ ಹುಟ್ಟಿದ ತಾರೀಖಿರುವ ಕಾರ್ಡಿನ ಜೆರಾಕ್ಸ್ ಹಿಡಿದು ಬಂದರು. ಕಾನೂನು ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರುವವರು. ಕಿವಿ ಹಿಂಡಲು ಹೋದರೆ ಮೀಸೆ ಮೂಡದವನೂ "ಪ್ರೂಫ್ ಇದೆ ಆಂಟಿ" ಎನ್ನತೊಡಗಿದ.

ಸಿಕ್ಕಿಬಿದ್ದವಳು ಹರಿಣಾಕ್ಷಿ. ಸೆಂಟರಿನ ಲೈಸೆನ್ಸ್ ನವೀಕರಿಸಲು ಕಚೇರಿಗೆ ಹೋದಾಗ ಗುಮಾಸ್ತ ರಾಮಸ್ವಾಮಿ ಅವಳ ವೋಟರ್ ಕಾರ್ಡನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದ್ರಲ್ಲಿ ಬರೀ ವಯಸ್ಸಿದೆ. ಹುಟ್ಟಿದ ತಾರೀಖು ಎಲ್ಲಮ್ಮಾ?"

"ಶ್ರೀರಾಂಪುರದಲ್ಲಿ ಮನೇಲೇ ಹುಟ್ಟಿದ್ದು ಸಾರ್, ಯಾರು ಬರ್ಕೊಂಡಿರ್ತಾರೆ? ನಲವತ್ತಾರಾಯ್ತು. ಕೂದ್ಲು ನೋಡಿ."

"ಕೂದ್ಲು ದಾಖಲೆ ಅಲ್ಲ."

ಮರುದಿನ ಅವಳು ಮಗಳು ಲಾವಣ್ಯಾಳ ಅಂಕಪಟ್ಟಿ ತಂದಳು. ಮಗಳಿಗೆ ಇಪ್ಪತ್ತು, ತಾಯಿಯ ಹೆಸರು ಕಣ್ಣಿಗೆ ಹೊಡೆಯುವಂತೆ ಅಚ್ಚಾಗಿತ್ತು.

"ಇದು ಮಗಳ ವಯಸ್ಸು. ನಿಮ್ದು ಹೇಗಾಗತ್ತೆ?"

"ನಾನು ಹುಟ್ಟೋಕ್ ಮುಂಚೆನೇ ಅವಳನ್ನ ಹೆತ್ತೆನಾ ಸಾರ್?"

"ಅದು ನಮ್ ಸೆಕ್ಷನ್ನಿಗೆ ಬರಲ್ಲ."

ಇಂಥ ತಲೆಗೂ ತಿಂಗಳಾ ತಿಂಗಳಾ ಸಂಬಳ ಬರುತ್ತದಲ್ಲ ಎಂದು ಹರಿಣಾಕ್ಷಿಗೆ ಮೈಯೆಲ್ಲ ಉರಿಯಿತು. ಕೊನೆಗೆ ಲೈಸೆನ್ಸನ್ನು ಲಾವಣ್ಯಾಳ ಹೆಸರಿಗೇ ಮಾಡಿಸಿದಳು.

ಪೀಡೆ ತೊಲಗಿತು ಎಂದುಕೊಂಡರೆ, ಮುಂದಿನ ತಿಂಗಳು ರಾಮಸ್ವಾಮಿ ತಪಾಸಣೆಗೆ ವಕ್ಕರಿಸಿದ. ಬಂದೂಕಿನ ಆಟದಲ್ಲಿ ಮುಳುಗಿದ್ದ ಒಂಬತ್ತು ಹುಡುಗರ ಜೆರಾಕ್ಸುಗಳಿಗೆ ಒಂದೊಂದಾಗಿ ಟಿಕ್ ಹಾಕಿದ. ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಹರಿಣಾಕ್ಷಿಯ ಎದುರು ಬಂದು ನಿಂತ.

"ದಾಖಲೆ ಇಲ್ದೆ ಒಳಗೆ ಕೂತಿದೀರ. ನೀವು ಆಚೆ ಹೋಗ್ಬೇಕು. ಇಲ್ಲಾಂದ್ರೆ ಸೆಂಟರಿಗೆ ಬೀಗ."

ಹುಡುಗರೆಲ್ಲ ತಿರುಗಿ ನೋಡಿದರು. ಹೂವು ಕಟ್ಟಿ ಕಟ್ಟಿ ಬೆರಳು ಸವೆಸಿ ಕಟ್ಟಿದ ಅಂಗಡಿಯಿಂದ, ಈ ಚಿಳ್ಳೆಪಿಳ್ಳೆಗಳ ಮುಂದೆ ತಾನು ಎದ್ದು ಹೋಗುವುದೇ? ಅವಳು ಅಲ್ಲಾಡಲಿಲ್ಲ.

"ಪೋಷಕರ ಒಪ್ಪಿಗೆ ಇದ್ರೆ ಕೂರಬಹುದಲ್ವಾ ಸಾರ್?"

"ಕೂರಬಹುದು. ರೂಲ್ಸಲ್ಲಿದೆ."

"ಲಾವಣ್ಯಾ, ಫಾರಂ ತಗೊಂಡು ಬಾರೇ."

ಲಾವಣ್ಯಾ ಪೆನ್ನು ಹಿಡಿದು ತಡವರಿಸಿದಳು. "ಅಮ್ಮಾ, ಮಗುವಿನ ಹೆಸರು ಅಂತಿದೆ."

"ನಂದೇ ಬರಿ."

"ಪೋಷಕರು?"

"ನೀನೇ. ಸಂಬಂಧ ಏನು ಅಂತ ಕೇಳಿರತ್ತೆ, ಮಗಳು ಅಂತ ಬರಿ."

ಅವಮಾನಕ್ಕೆ ಲಾವಣ್ಯಾಳ ಕಣ್ಣು ತುಂಬಿತು. ಆದರೂ ಬರೆದು ಸಹಿ ಮಾಡಿದಳು. ರಾಮಸ್ವಾಮಿ ಫಾರಂ ತೆಗೆದುಕೊಂಡು ಸಾಲು ಸಾಲಿನ ಮೇಲೂ ಬೆರಳಾಡಿಸಿದ. ಲಾವಣ್ಯಾ ಬರೆಯಬೇಕಿದ್ದ ಕಾಲಂ ಎಲ್ಲ ತುಂಬಿತ್ತು. ಚೀಲದಿಂದ ಸೀಲು ತೆಗೆದು ಒತ್ತಿದ.

"ಇಲ್ಲೊಂದು ಬಾಕಿ ಇದೆ," ಎಂದು ಕಾಗದವನ್ನು ಹರಿಣಾಕ್ಷಿಯ ಮುಂದೆ ತಳ್ಳಿದ. "ಮಗುವಿನ ಸಹಿ."

ಇವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಎನಿಸಿತು ಅವಳಿಗೆ. ಕೂತಲ್ಲಿಂದಲೇ ಸಹಿ ಹಾಕಿದಳು.