ಹನ್ನೆರಡನೆಯ ಜಾಗ

ನಮ್ಮ ಸಂಘದ ಹೆಸರಿನಲ್ಲಿ ಜಲಮಾರ್ಗವೂ ಇತ್ತು, ಹಡಗೂ ಇತ್ತು. ಯಾದಗಿರಿಯ ಸ್ಟೇಶನ್ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತಿದ್ದ ಇಂಜಿನಿಯರುಗಳಲ್ಲಿ ಹಡಗನ್ನು ಕಣ್ಣಾರೆ ಕಂಡವರು ಇಬ್ಬರೇ. ಉಳಿದವರೆಲ್ಲ ಭೀಮಾ, ಕೃಷ್ಣಾ ಹೊಳೆಗಳಲ್ಲಿ ಜನ ದಾಟುವ ಕಡವುಗಳನ್ನು ನೋಡಿಕೊಳ್ಳುವವರು. ನಮ್ಮ ಹಡಗೆಂದರೆ ಬಿದಿರು ಹೆಣೆದು ತೊಗಲು ಹೊದಿಸಿದ ಹರಗೋಲು. ಚಹಾ ತರುತ್ತಿದ್ದ ಮುದುಕ ಮೆಟ್ಟಿಲು ಹತ್ತುತ್ತಲೇ, "ಜಹಾಜ್ ಸಾಹೇಬ್ರು ಎಷ್ಟ ಮಂದಿ ಬಂದೀರಿ ಇವತ್ತ?" ಎಂದು ಕೂಗುತ್ತಿದ್ದ. ನಾವು ಸಿಟ್ಟಾಗುತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ಸಂಸ್ಥಾನ ಭಾರತದೊಳಗೆ ಸೇರಿದ ಮೇಲಿನ ವರ್ಷಗಳವು. ಹಳೆಯ ಕಚೇರಿಗಳ ಉರ್ದು ಕಡತಗಳನ್ನು ಗಂಟು ಕಟ್ಟಿ ಎಲ್ಲಿಗೋ ಸಾಗಿಸಿದ್ದರು. ಯಾವ ಕಡವಿನ ಹರಗೋಲಿಗೆ ಎಷ್ಟು ಜನ ಹತ್ತಬಹುದು ಎಂಬುದೂ ಆ ಗಂಟುಗಳಲ್ಲೇ ಹೋಗಿತ್ತು. ಅದನ್ನು ಹೊಸದಾಗಿ ಅಳೆದು ಕೊಡಿ ಎಂದು ಸರಕಾರ ಸಂಘವನ್ನು ಕೇಳಿತು. ಸುರಪುರದಾಚೆ ಕೃಷ್ಣೆಯ ಒಂದು ಕಡವು ನನ್ನ ಪಾಲಿಗೆ ಬಂತು. ನಾನು ಬರೆದುಕೊಟ್ಟ ಸಂಖ್ಯೆಯನ್ನು ದಡದಲ್ಲಿ ಹಲಗೆಯ ಮೇಲೆ ಬರೆಸುತ್ತಾರೆ. ಹೆಚ್ಚು ಬರೆದರೆ ಜನ ಮುಳುಗಬಹುದು. ಸುಮ್ಮನೆ ಕಡಿಮೆ ಬರೆದರೆ ಸಂಘದ ಹಿರಿಯರು ನನ್ನನ್ನು ಇಂಜಿನಿಯರ್ ಎಂದೇ ಎಣಿಸುವುದಿಲ್ಲ. ಈ ವರದಿ ಒಪ್ಪಿಗೆಯಾದರೆ ಮಾತ್ರ ನಾನು ಪೂರ್ಣ ಸದಸ್ಯ.

ಆಗಿನ ಡೈರಿ ಈಗ ನನ್ನ ಮುಂದಿದೆ. ನಾನು ಕಾಲೇಜು ಓದಿದ್ದು ಉರ್ದುವಿನಲ್ಲಿ, ಡೈರಿಯೂ ಉರ್ದುವಿನಲ್ಲೇ ಇದೆ. ಅದರಲ್ಲಿ ಇರುವುದನ್ನೂ ನನಗೆ ನೆನಪಿರುವುದನ್ನೂ ಬೇರೆ ಬೇರೆ ಇಡಲು ನೋಡುತ್ತೇನೆ. ಅದು ಪೂರ್ತಿ ಸಾಧ್ಯವೆಂಬ ಭರವಸೆ ನನಗಿಲ್ಲ.

ಅಳೆಯುವುದು ಸರಳ. ಹರಗೋಲಿನ ಅಂಚಿನಿಂದ ಒಂದು ಗೇಣು ಕೆಳಗೆ ಬಿಳಿ ಬಣ್ಣದ ಗೆರೆ ಎಳೆಯಬೇಕು. ದಡದ ಹತ್ತಿರ, ಸೊಂಟದ ತನಕದ ನೀರಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಹತ್ತಿಸಬೇಕು. ನೀರು ಗೆರೆಯನ್ನು ಮುಟ್ಟಿದಾಗ ಎಷ್ಟು ಮಂದಿ ಇದ್ದಾರೋ ಅದೇ ಸಂಖ್ಯೆ. ಅಂಬಿಗನ ಭಾರ ಮೊದಲೇ ಸೇರಿರುತ್ತದೆ, ಅವನನ್ನು ಬೇರೆ ಎಣಿಸುವುದಿಲ್ಲ.

ಕಡವಿನ ಅಂಬಿಗನದು ಮಾತು ಕಡಿಮೆ. ಜನರನ್ನು ಹತ್ತಿಸುವುದು, ಇಳಿಸುವುದು, ಬೈಯುವುದು ಎಲ್ಲ ಅವನ ತಾಯಿಯದು. ಅಂದು ಕುರುಬನೊಬ್ಬ ಮರಿಯನ್ನು ಹೆಗಲ ಮೇಲೆ ಹೊತ್ತು ಬಂದಿದ್ದ.

"ಸಾಹೇಬ್ರ, ಮರೀನೂ ಒಂದ್ ತೆಲಿ ಏನ್ರಿ?"

"ಅದರ ತೆಲಿ ಬಿಡು, ನಿನ್ನ ತೆಲಿ ಮೊದಲ ಎಣಸ್ತಾರೇನು ನೋಡು!" ಎಂದಳು ಮುದುಕಿ.

ಎಲ್ಲರೂ ನಕ್ಕರು. ಒಬ್ಬರು ಹತ್ತಿದರೆ ಹರಗೋಲು ಅರ್ಧ ಬೆರಳಿನಷ್ಟು ಇಳಿಯುತ್ತಿತ್ತು. ಹನ್ನೆರಡನೆಯವನು ಹತ್ತಿದಾಗ ನೀರು ಸರಿಯಾಗಿ ಗೆರೆಗೆ ಬಂತು. ನಾನು "ಹನ್ನೆರಡು" ಎಂದೆ. ಮುದುಕಿಯ ನಗು ನಿಂತಿತು.

"ಹನ್ನೊಂದ್ರಿ ಯಪ್ಪಾ. ಇಲ್ಲಿ ಹನ್ನೊಂದ ಮಂದಿನ ಹತ್ತಿಸೋದು."

"ಗೆರಿ ನೋಡವ್ವಾ. ಹನ್ನೆರಡು ತಡೀತದ."

"ದಂಡ್ಯಾಗ ತಡೀತದ," ಎಂದಳು, ನಡುಹೊಳೆಯ ಕಡೆ ನೋಡುತ್ತ. ಒಬ್ಬನನ್ನು ಕೈಹಿಡಿದು ಕೆಳಗಿಳಿಸಿದಳು.

ನನಗೆ ಜಾಗವಾಗಲೆಂದು ಇನ್ನೊಬ್ಬನೂ ಇಳಿದ. ಹಾಗೆ ಹನ್ನೊಂದು ಮಂದಿ ಹೊರಟೆವು. ಹನ್ನೊಂದರಲ್ಲಿ ನಾನೂ ಒಬ್ಬ. ಮಧ್ಯಾಹ್ನ. ಚಳಿಗಾಲದ ಹೊಳೆ, ಗಾಳಿ ಇಲ್ಲ, ನೀರು ಎಣ್ಣೆಯಂತಿತ್ತು. ಹರಗೋಲಿನೊಳಗೆ ಜನ ಮೊಣಕಾಲು ಮಡಿಚಿ ಒತ್ತಿಕೊಂಡು ಕೂತಿದ್ದರು. ಆದರೂ ಹೊಳೆ ಬರುವ ದಿಕ್ಕಿಗೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಹೆಂಗಸೊಬ್ಬಳು ಅಲ್ಲಿಟ್ಟಿದ್ದ ಗಂಟನ್ನು ಹೊರಡುವ ಮೊದಲೇ ತೊಡೆಯ ಮೇಲೆ ಎತ್ತಿಕೊಂಡಳು. ಯಾರೂ ಅವಳಿಗೆ ಹೇಳಿರಲಿಲ್ಲ.

ನಾನು ಬಗ್ಗಿ ಗೆರೆ ನೋಡುತ್ತಿದ್ದೆ. ನೀರು ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು. ನಡುಹೊಳೆಗೆ ಬಂದಾಗ ಗೆರೆಗೆ ಮುಟ್ಟಿತ್ತು. ಅಂಬಿಗ ಹುಟ್ಟು ಹಾಕುವುದನ್ನು ಒಂದು ಕ್ಷಣ ನಿಲ್ಲಿಸಿ, ಯಾರೋ ಸರಿಯಾಗಿ ಕೂರಲಿ ಎಂದು ಕಾಯುವವನಂತೆ ಕಾದು, ಮತ್ತೆ ಹಾಕಿದ. ಹರಗೋಲು ಆ ಖಾಲಿ ಜಾಗದ ಕಡೆಗೆ ತುಸು ವಾಲಿತ್ತು. ಆಚೆ ದಡ ಹತ್ತಿರವಾದಂತೆ ನೀರು ಮತ್ತೆ ಗೆರೆಯಿಂದ ಕೆಳಗಿಳಿಯಿತು.

ಇಷ್ಟು ಡೈರಿಯಲ್ಲಿದೆ. ಇನ್ನೊಂದು ನನಗೆ ನೆನಪಿದೆ: ಕುರುಬನ ಮರಿ ನಡುಹೊಳೆಯಲ್ಲಿ ಆ ಖಾಲಿ ಜಾಗಕ್ಕೆ ಹೋಗಿ ಮಲಗಿತ್ತು, ಅದರ ತಲೆ ಹರಗೋಲಿನ ತಳ ಮುಟ್ಟಿರಲಿಲ್ಲ, ಯಾರದೋ ತೊಡೆಯ ಮೇಲೆ ಇಟ್ಟಷ್ಟು ಎತ್ತರದಲ್ಲಿತ್ತು. ಡೈರಿಯಲ್ಲಿ ಈ ಮಾತಿಲ್ಲ. ಇಂಥದ್ದನ್ನು ಕಂಡೂ ಬರೆಯದೆ ಬಿಡುವವನು ನಾನಲ್ಲ. ಹಾಗಾದರೆ ಇದು ಮುಂದೆ ಎಂದೋ ನನ್ನೊಳಗೆ ಸೇರಿಕೊಂಡದ್ದು. ಆದರೆ ಆ ಮರಿಯ ಕಿವಿ ಬಿಸಿಲಿನಲ್ಲಿ ಕೆಂಪಗೆ ಹೊಳೆಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದೆ.

ಜನ ಅಲುಗಾಡಿರಬೇಕು ಎಂದುಕೊಂಡೆ. ಮರುದಿನ ಶಹಾಪುರದಿಂದ ಗೋಣಿಚೀಲ ತರಿಸಿ, ಮರಳು ತುಂಬಿ, ಒಬ್ಬ ಮನುಷ್ಯನ ತೂಕದ ಹತ್ತು ಚೀಲ ಮಾಡಿದೆ. ನನ್ನದು ಹನ್ನೊಂದನೆಯ ಭಾರ. ಮರಳು ಅಲುಗಾಡುವುದಿಲ್ಲ. ಅಂಬಿಗ ಚೀಲಗಳನ್ನು ಜೋಡಿಸುವಾಗ ಅದೇ ಜಾಗವನ್ನು ಖಾಲಿ ಬಿಟ್ಟ. ನಡುಹೊಳೆಯಲ್ಲಿ ನೀರು ಗೆರೆಗೆ ಬಂತು. ಅಂಬಿಗ ಹುಟ್ಟು ನಿಲ್ಲಿಸಿದ, ಕಾದ, ಮತ್ತೆ ಹಾಕಿದ. ದಡದ ಹತ್ತಿರ ನೀರು ಗೆರೆಯಿಂದ ಇಳಿಯಿತು.

ಮೂರನೆಯ ದಿನ, ಹನ್ನೆರಡು ಮಂದಿಯನ್ನು ಹತ್ತಿಸಿ ನಡುಹೊಳೆಗೆ ಹೋಗೋಣ ಎಂದೆ. ಅಂಬಿಗ ಹುಟ್ಟನ್ನು ಮರಳಿನಲ್ಲಿ ಊರಿ ನಿಂತುಬಿಟ್ಟ. ಮುದುಕಿ ನನ್ನನ್ನು ಬದಿಗೆ ಕರೆದಳು.

"ಯಾರದವ್ವಾ ಆ ಜಾಗ?" ಎಂದು ಕೇಳಿದೆ.

"ಯಾರಂತ ನಾವೂ ಕೇಳಂಗಿಲ್ರಿ. ಜಾಗಾ ಬಿಡ್ತೀವಿ, ದಾಟಸ್ತೀವಿ. ಆಚಿ ದಂಡ್ಯಾಗ ಯಾರ ಇಳದ್ರು ಅಂತ ಹೊಳ್ಳಿ ನೋಡಂಗಿಲ್ಲ." ಹೊಳೆಯ ಕಡೆ ತಿರುಗಿ ಅಂದಳು: "ನಿಜಾಮನ ರಾಜ್ಯ ಹೋಗೂ ಮುಂದ, ಆ ಗದ್ದಲದ ವರ್ಷ, ಎರಡ ಜಾಗಾ ಬಿಡ್ತಿದ್ವಿ. ಒಂದೊಂದ ದಿನ ಮೂರು."

ನಾನು ಕೈಯಲ್ಲಿದ್ದ ಡೈರಿ ಮುಚ್ಚಿದೆ.

"ನೀವು ಹನ್ನೆರಡ ಅಂತ ಬರದ್ರ, ನಾಳಿ ಸರಕಾರದ ಜವಾನ ಬಂದು ಹನ್ನೆರಡ ಮಂದಿನ ತುಂಬಸ್ತಾನ. ಹಲಗಿ ಮ್ಯಾಲ ಬರದದ್ದಕ್ಕ ನಾ ಹೆಂಗ ಒಲ್ಲೆ ಅನ್ಲಿ? ನೀವು ಓದಿದವರು. ಏನರ ಒಂದ ಬರೀರಿ ಯಪ್ಪಾ. ಹನ್ನೊಂದ ಆಗೂ ಹಂಗ ಬರೀರಿ."

ವರದಿ ಬರೆಯಲು ನನಗೆ ಒಂದು ವಾರ ಹಿಡಿಯಿತು. ಹನ್ನೊಂದು ಎಂದು ಬರೆದೆ. ಕಾರಣ ಬೇಕಿತ್ತು, ತೊಗಲು ನೀರು ಕುಡಿದು ಭಾರವಾಗುತ್ತದೆ, ನಡುಹೊಳೆಗೆ ಹೋಗುವಷ್ಟರಲ್ಲಿ ಆ ಭಾರ ಒಬ್ಬ ಮನುಷ್ಯನಷ್ಟಾಗುತ್ತದೆ ಎಂದೆ. ಅದಕ್ಕೊಂದು ಕೋಷ್ಟಕವನ್ನೂ ಮಾಡಿದೆ. ಕೋಷ್ಟಕ ನೋಡಲು ಚೆನ್ನಾಗಿತ್ತು.

ಯಾದಗಿರಿಯ ಸಭೆಯಲ್ಲಿ ಎಲ್ಲರೂ ತಲೆದೂಗಿದರು. ನಿಜಾಮರ ಕಾಲದಲ್ಲಿ ಮೂವತ್ತು ವರ್ಷ ಕಡವುಗಳಲ್ಲೇ ಕಳೆದಿದ್ದ ನಮ್ಮ ಅಧ್ಯಕ್ಷರು ಮಾತ್ರ ಕನ್ನಡಕ ತೆಗೆದು ಒರೆಸುತ್ತ ಕೇಳಿದರು:

"ತೊಗಲು ಭಾರ ಆಗ್ತದ, ಒಪ್ಪಿದೆ. ಹಂಗಾರ ಆಚಿ ದಂಡಿಗೆ ಹೋದ ಮ್ಯಾಲೂ ಆ ಭಾರ ಇರಬೇಕಲ್ರೀ. ಅಲ್ಲಿ ಗೆರಿ ನೋಡೀರೇನು?"

"ನೋಡೀನ್ರಿ."

"ಅಷ್ಟ ಇತ್ತೇನು?"

"ಅಷ್ಟ ಇತ್ರಿ," ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅಂದು ಡೈರಿಯಲ್ಲಿ ನನ್ನನ್ನೇ ಬೈದುಕೊಂಡಿದ್ದೇನೆ.

ವರದಿ ಒಪ್ಪಿಗೆಯಾಯಿತು. ಮೆಟ್ಟಿಲು ಇಳಿಯುವಾಗ ಅಧ್ಯಕ್ಷರು ನನ್ನ ತೋಳು ಹಿಡಿದುಕೊಂಡರು. ಅವರಿಗೆ ಮೊಣಕಾಲು ನೋವು. ಕೊನೆಯ ಮೆಟ್ಟಿಲಲ್ಲಿ ನಿಂತು ಮೆಲ್ಲಗೆ ಹೇಳಿದರು:

"ಆ ಕಡವಿನ ಹಳೀ ಕಾಗದಾ ನಾನ ಬರದಿದ್ದೆ. ನಾನೂ ಹನ್ನೊಂದ ಅಂತನ ಬರದೆ. ತೊಗಲಿನ ಮಾತು ನನಗ ಹೊಳೀಲಿಲ್ಲ ನೋಡ್ರಿ. ಕಾರಣ ಗಾಳಿ ಅಂತ ಬರದಿದ್ದೆ."

ಹಲಗೆ ಬಂತು, ಹನ್ನೊಂದು ಎಂದು ಬರೆದರು. ನಾನು ಪೂರ್ಣ ಸದಸ್ಯನಾದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ವರ್ಷ ಸಂಘ ನನ್ನ ಕೋಷ್ಟಕವನ್ನು ಎಲ್ಲ ಕಡವುಗಳಿಗೂ ನಿಯಮವಾಗಿ ಮಾಡಿತು: ತೊಗಲಿನ ಹರಗೋಲಾದರೆ ದಡದಲ್ಲಿ ಅಳೆದದ್ದಕ್ಕಿಂತ ಒಬ್ಬರನ್ನು ಕಡಿಮೆ ಹತ್ತಿಸಬೇಕು. ನಾನು ಕಟ್ಟಿದ ಸುಳ್ಳು ಭೀಮೆಗೂ ಹೋಯಿತು, ನಾನು ಎಂದೂ ಕಾಣದ ಹಳ್ಳಗಳಿಗೂ ಹೋಯಿತು. ಯಾವನಾದರೂ ಅಂಬಿಗ ಬಂದು ಇದು ಅನ್ಯಾಯ, ನಮ್ಮ ಹರಗೋಲು ಇನ್ನೊಬ್ಬನನ್ನು ತಡೆಯುತ್ತದೆ ಎಂದು ಜಗಳವಾಡುತ್ತಾನೆ, ಆಗ ನಿಜ ಹೇಳಿಬಿಡಬೇಕು ಎಂದು ಕಾದೆ. ಎಷ್ಟೋ ವರ್ಷ ಕಾದೆ. ಒಂದೇ ಒಂದು ಕಡವಿನಿಂದಲೂ, ಒಬ್ಬರನ್ನು ಕಡಿಮೆ ಮಾಡಿದ್ದು ಯಾಕೆ ಎಂದು ಕೇಳಿಕೊಂಡು ಯಾರೂ ಬರಲಿಲ್ಲ.