ಎಂಜಿನ್ನಿಗೊಂದು, ಹಾಡಿಗೊಂದು

ಆಸಿಡ್ ತುಂಬಿದ ಎರಡು ಬ್ಯಾಟರಿಗಳನ್ನು ಕಾಲಬುಡದಲ್ಲಿ ಇಟ್ಟುಕೊಂಡು ಕುಮಟೆಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಯಾವತ್ತಾದರೂ ಬಂದಿದ್ದೀರಾ? ನಾನು ಬಂದಿದ್ದೇನೆ. ಮರುದಿನ ಸೀರೆ ಒಗೆದು ಕೊಡವಿದರೆ ಅಂಚಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ತೂತು. ಹದಿನೇಳು. (ಎಣಿಸಿದೆ. ವಿಜ್ಞಾನ ಕಲಿಸುವವರಿಗೆ ಎಣಿಸುವ ಚಟ.)

ಆ ಸೀರೆಯ ಕತೆಯನ್ನು ಈ ಅಂಕಣದಲ್ಲಿ ಬರೆದು ನಿಮ್ಮನ್ನು ನಗಿಸಬೇಕು ಅಂತ ಆವತ್ತೇ ಯೋಚಿಸಿದ್ದೆ. ಈಗ ನಾಲ್ಕು ತಿಂಗಳಾಯಿತು. ನಗಿಸುವ ಮನಸ್ಸು ಹೋಗಿದೆ. ಇವತ್ತು ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ನಾಗೇಶ ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ಇಯತ್ತೆಯಲ್ಲಿ ಶಾಲೆ ಬಿಟ್ಟು ಅಪ್ಪನ ಜೊತೆ ಸಮುದ್ರಕ್ಕೆ ಹೋದವನು. ಈಗ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಅವನದೇ ಬೋಟಿದೆ. ತಾಂಡೇಲನೂ ಅವನೇ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕು ಅಂತ ಹೇಳುವುದು ಎಲ್ಲ ಅವನದೇ. ಜೊತೆಗೆ ತಮ್ಮ ಸುರೇಶ, ಮತ್ತೆ ನಾಲ್ವರು ಖಲಾಸಿಗಳು. ದಾರಿಯಲ್ಲಿ ನಾನು ಕಂಡರೆ ಸೈಕಲ್ ಇಳಿದು "ಅಕ್ಕೋರೆ, ಆರಾಮ?" ಅಂತ ಕೇಳದೆ ಹೋಗುವ ಹುಡುಗನಲ್ಲ. (ಹುಡುಗ ಅಂದೆ. ಅವನಿಗೆ ಮೂವತ್ತು ದಾಟಿದೆ, ಇಬ್ಬರು ಮಕ್ಕಳಿದ್ದಾರೆ. ನಮ್ಮ ಕಣ್ಣಿಗೆ ಯಾರೂ ದೊಡ್ಡವರಾಗುವುದೇ ಇಲ್ಲ.)

ಮಳೆಗಾಲ ಮುಗಿದು ಬೋಟುಗಳು ನೀರಿಗಿಳಿದ ಮೇಲೆ ಒಂದು ಶನಿವಾರ ಮನೆಗೆ ಬಂದ.

"ಅಕ್ಕೋರೆ, ಬೋಟಿಗೆ ಸ್ಟೀರಿಯೋ ಹಾಕಿದೆ. ಭಟ್ಕಳದಿಂದ ತಂದದ್ದು. ದುಬೈ ಮಾಲು."

"ಬೋಟಿಗೆ ಸ್ಟೀರಿಯೋ ಎಂತಕ್ಕೋ?"

"ಹಾಡಿಲ್ಲದ ಬೋಟಿಗೆ ಜನ ಬರೂದಿಲ್ಲ ಅಕ್ಕೋರೆ. ಹೋದ ವರ್ಷ ಇಬ್ಬರು ಖಲಾಸಿಗಳು ಬಿಟ್ಟು ಹೋದ್ರು. ಆ ಬೋಟಲ್ಲಿ ಟೇಪ್ ಅದೆ, ನಿಮ್ಮದರಲ್ಲಿ ಎಂತ ಅದೆ ಅಂತ ಕೇಳಿದ್ರು."

ತಪ್ಪೇನಿದೆ ಹೇಳಿ. ಎರಡು ದಿನ, ಮೂರು ದಿನ ನೀರಿನ ಮೇಲೆ. ಡೀಸೆಲ್ ಹೊಗೆ, ಮೀನಿನ ಲೋಳೆ, ಒಬ್ಬರ ಮುಖ ಒಬ್ಬರು ನೋಡಿ ಸಾಕಾದ ಆರು ಗಂಡಸರು. ಒಂದು ಹಾಡು ಕೇಳಬಾರದೇ? ನಾವು ಅಡುಗೆಮನೆಯಲ್ಲಿ ರೇಡಿಯೋ ಇಟ್ಟುಕೊಂಡಿಲ್ಲವೇ? ಖಲಾಸಿಗಳಿಗೆ ಸಿನಿಮಾ ಹಾಡು, ನಾಗೇಶನಿಗೆ ಯಕ್ಷಗಾನದ ಕ್ಯಾಸೆಟ್ಟು. ಸರದಿಯ ಮೇಲೆ ಹಾಕುವುದು ಅಂತ ಮಾತಾಗಿತ್ತಂತೆ.

ತೊಂದರೆ ಇದ್ದದ್ದು ಬ್ಯಾಟರಿಯದ್ದು. ಬೋಟಿನಲ್ಲಿ ಇದ್ದದ್ದು ಒಂದೇ, ಅದೂ ಹಳೆಯದು. ಎಂಜಿನ್ ಶುರು ಮಾಡಲಿಕ್ಕೂ ಅದೇ, ದೀಪಕ್ಕೂ ಅದೇ. ಈಗ ಅದರ ಮೇಲೆ ಎರಡು ದೊಡ್ಡ ಸ್ಪೀಕರು.

"ಬೇರೆ ಬ್ಯಾಟರಿ ತರಬೇಕು. ಎಷ್ಟು ತರೂದು, ಎಂತದ್ದು ತರೂದು, ನೀವೇ ಬಂದು ಆರಿಸಿಕೊಡಿ. ನೀವು ಅದನ್ನೇ ಕಲಿಸೋರಲ್ಲಾ?"

ಉಬ್ಬಿಹೋದೆ. ಯಾಕೆ ಸುಳ್ಳು ಹೇಳಲಿ? ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ. ನಾನು ಕಲಿಸಿದ ಪಾಠ ನಿಜವಾದ ಒಂದು ಕೆಲಸಕ್ಕೆ ಬೇಕು ಅಂತ ಮನೆ ಬಾಗಿಲಿಗೆ ಬಂದವನು ಇವನೊಬ್ಬನೇ.

ಭಾನುವಾರ ಇಬ್ಬರೂ ಕುಮಟೆಗೆ ಹೋದೆವು. ಅಲ್ಲಿ ಬ್ಯಾಟರಿ ಕೆಲಸಕ್ಕೆ ಪಾಂಡು ಮಿಸ್ತ್ರಿ ಅಂತ ಒಬ್ಬರು. ಅರವತ್ತರ ಆಸುಪಾಸು, ಸಣಕಲು ಜೀವ, ಆಸಿಡ್ ಬಿದ್ದು ಬಿದ್ದು ಬೆರಳ ತುದಿಗಳು ಕಪ್ಪಾಗಿವೆ. ಮೂರನೇ ಇಯತ್ತೆಗೆ ಶಾಲೆ ಮುಗಿಸಿದವರು. ಬಂದರಿನ ಅರ್ಧಕ್ಕರ್ಧ ಬೋಟುಗಳ ಬ್ಯಾಟರಿ ಅವರ ಕೈಯಿಂದಲೇ ಹೋಗುವುದು.

ಅಂಗಡಿಯಲ್ಲಿ ಲಾರಿಗೆ ಹಾಕುವ ದೊಡ್ಡದು ಒಂದಿತ್ತು. ಹೊಸ ಪ್ಲೇಟು ಹಾಕಿ ರಿಪೇರಿ ಮಾಡಿದ ಹಳೆಯವು ಮೂರು. ಮಧ್ಯಮ ಗಾತ್ರದ ಹೊಸವು ಕೆಲವು. ದೊಡ್ಡದನ್ನು ಎತ್ತಲಿಕ್ಕೇ ಇಬ್ಬರು ಬೇಕು, ಓಲಾಡುವ ಬೋಟಿನಲ್ಲಿ ಅದು ಬೇಡ ಅಂದೆ. ರಿಪೇರಿ ಮಾಡಿದವು ಬೇಡವೇ ಬೇಡ ಅಂದೆ. ಮಧ್ಯಮದ್ದು ಎರಡು ಇರಲಿ ಅಂದೆ. ಮಿಸ್ತ್ರಿ ತಲೆ ಆಡಿಸಿದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಆಮೇಲೆ ಅವರು ನಾಗೇಶನಿಗೆ ಹೇಳಿದರು, "ನೋಡು ತಮ್ಮಾ, ಎಂಜಿನ್ನಿಂದು ಎಂಜಿನ್ನಿಗೇ ಇರ್ಲಿ. ಈ ಎರಡು ಹಾಡಿಗೆ. ನಡುವೆ ಒಂದು ಸ್ವಿಚ್ಚು ಹಾಕ್ಕೊಡ್ತೆ. ಎಂಜಿನ್ ಓಡುವಾಗ ಹಾಕು, ಚಾರ್ಜು ಆತದೆ. ಎಂಜಿನ್ ನಿಂತ ಕೂಡಲೇ ತೆಗಿ."

ನಾನು ನಡುವೆ ಬಾಯಿ ಹಾಕಿದೆ.

"ಸ್ವಿಚ್ಚು ಯಾಕೆ? ಮೂರನ್ನೂ ಪ್ಯಾರಲಲ್ ಆಗಿ ಜೋಡಿಸಿದರೆ ಆಯಿತಲ್ಲ. ವೋಲ್ಟೇಜ್ ಅಷ್ಟೇ ಇರುತ್ತದೆ, ಶಕ್ತಿ ಮೂರು ಪಟ್ಟು. ಎಂಜಿನ್ನಿಗೂ ಅನುಕೂಲ."

ಮಿಸ್ತ್ರಿ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹಳೇದು ಹೊಸದು ಒಟ್ಟಿಗೆ ಕಟ್ಟಬಾರ್ದು ಅಕ್ಕೋರೆ. ಹಳೇದು ಹೊಸದನ್ನ ತಿಂತದೆ. ಮೂರೂ ಒಟ್ಟಿಗೆ ಸಾಯ್ತವೆ."

ತಿನ್ನುತ್ತದೆ, ಸಾಯುತ್ತದೆ! ಇದು ವಿಜ್ಞಾನದ ಭಾಷೆಯೇ? ಕ್ಲಾಸಿನಲ್ಲಿ ಹಾಗೆ ಬರೆದವರಿಗೆ ನಾನು ಸೊನ್ನೆ ಕೊಟ್ಟಿದ್ದೇನೆ. ಅವರ ಬಿಲ್ ಪುಸ್ತಕವನ್ನೇ ಎಳೆದುಕೊಂಡು ಹಿಂಬದಿಗೆ ಚಿತ್ರ ಬರೆದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಬಾಣದ ಗುರುತು ಹಾಕಿದೆ. ಚಂದದ ಚಿತ್ರ.

"ನಂಗೆ ಅದೆಲ್ಲ ತಿಳಿಯೂದಿಲ್ಲ," ಅಂದರು ಮಿಸ್ತ್ರಿ. "ನಂಗೆ ಗೊತ್ತಿದ್ದು ಕೈಯಲ್ಲಿ ಮಾಡಿದ್ದು ಮಾತ್ರ." ಹಾಗೆಂದು ನಾಗೇಶನ ಮುಖ ನೋಡಿದರು.

ನಾಗೇಶ ನನ್ನ ಮುಖ ನೋಡಿದ. "ಅಕ್ಕೋರು ಹೇಳಿದ ಮೇಲೆ ಆತು. ಸ್ವಿಚ್ಚು ಬ್ಯಾಡ."

ಮುಂದಿನ ಸಂಗತಿ ನಾನು ಕಂಡದ್ದಲ್ಲ. ಸುರೇಶ ಹೇಳಿದ್ದು.

ಎಂಟು ದಿನ ಎಲ್ಲ ಚೆನ್ನಾಗಿತ್ತು. ಒಂಬತ್ತನೆಯ ದಿನ ಭಟ್ಕಳದ ನೇರಕ್ಕೆ, ಸಮುದ್ರದ ನಡುವಿನ ನೇತ್ರಾಣಿ ಗುಡ್ಡದಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕಿದ್ದರು. ಸಂಜೆಯಿಂದ ಸ್ಟೀರಿಯೋ ಹಾಡುತ್ತಿತ್ತು. ಮಲಗುವಾಗ ದನಿ ತಾನಾಗಿಯೇ ಎಳೆಯತೊಡಗಿತಂತೆ. ಕ್ಯಾಸೆಟ್ಟು ಹಾಳಾಗಿದೆ ಅಂದುಕೊಂಡರು. ಬೆಳಿಗ್ಗೆ ನಾಗೇಶ ಎಂಜಿನ್ ಶುರು ಮಾಡಲು ಹೋದರೆ ಟಕ್ ಅಂತ ಒಂದು ಸದ್ದು. ಅಷ್ಟೇ. ದೀಪ ಹಚ್ಚಿದರೆ ಬೀಡಿಯ ಕೆಂಡದ ಹಾಗೆ ಕೆಂಪಾಗಿ ಆರಿಹೋಯಿತು. ಮೂರೂ ಒಟ್ಟಿಗೆ ಸತ್ತಿದ್ದವು.

ಗಾಳಿ ಎದ್ದಿತ್ತು. ಲಂಗರು ಹಿಡಿಯುತ್ತಿರಲಿಲ್ಲ. ಬೋಟು ಗುಡ್ಡದ ಬಂಡೆಗಳ ಕಡೆಗೆ ಜಾರುತ್ತಿತ್ತು. ಉಳಿದಿದ್ದು ಒಂದೇ ದಾರಿ. ಕಬ್ಬಿಣದ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸುವುದು. ನಾಗೇಶ ಬೇರೆ ಯಾರಿಗೂ ಬಿಡಲಿಲ್ಲ. ಎರಡು ಸಲ ತಿರುಗಿಸಿದ. ಮೂರನೇ ಸಲ ಎಂಜಿನ್ ಒಮ್ಮೆ ಕೆಮ್ಮಿ ಹಿಂದಕ್ಕೆ ಒದೆಯಿತು. ಹ್ಯಾಂಡಲ್ ಅವನ ಬಲಗೈಗೆ ಬಡಿಯಿತು. ಮೊಣಕೈ ಕೆಳಗಿನ ಎರಡೂ ಎಲುಬು.

"ಅಣ್ಣ ಕೂಗಲಿಲ್ಲ ಅಕ್ಕೋರೆ," ಅಂದ ಸುರೇಶ. "ಕೈ ಮಡಿಲಲ್ಲಿಟ್ಟುಕೊಂಡು ಕೂತ. ಬಲೆ ಕಡೀರಿ, ಬೋಟು ಹಗುರ ಆಗ್ಲಿ, ಲಂಗರು ಹಿಡೀತದೆ ಅಂದ."

ಬಲೆ ಕಡಿದರು. ಹಿಡಿದ ಮೀನನ್ನೂ ಸಮುದ್ರಕ್ಕೆ ಸುರಿದರು. ಭಟ್ಕಳದ ಒಂದು ಬೋಟಿನವರು ಕಂಡು ಹತ್ತಿರ ಬಂದು ಹಗ್ಗ ಎಸೆದರು. ಎಳೆದುಕೊಂಡು ದಡ ಮುಟ್ಟಿಸುವಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಂದ ಮಂಗಳೂರು. ಕೈ ಊದಿ ಊದಿ ಒಳಗಿನ ನರವೇ ಸತ್ತಿದೆ, ಬರುವಾಗ ತಡವಾಯಿತು ಅಂದರಂತೆ ಡಾಕ್ಟರು. ಎಲುಬು ಕೂಡಿತು. ಬೆರಳು ಮಡಚುವುದಿಲ್ಲ. ಇನ್ನು ಮಡಚುವುದೂ ಇಲ್ಲ.

ಅವನು ಊರಿಗೆ ಬಂದ ಮೇಲೆ ನೋಡಲು ಹೋದೆ. ಅವನ ಹೆಂಡತಿ ಸುಮಿತ್ರಾ ಚಾ ತಂದುಕೊಟ್ಟಳು. ನಾಗೇಶ ಬಲಗೈಯನ್ನು ಎಡಗೈಯಿಂದ ಬೇರೆಯವರ ಸಾಮಾನು ಎತ್ತಿಡುವ ಹಾಗೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಆಮೇಲೆ ಎಡಗೈಯಲ್ಲೇ ಲೋಟ ಹಿಡಿದ.

ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಯೋಚಿಸಿಕೊಂಡು ಹೋಗಿದ್ದೆ. "ನಾಗೇಶ, ತಪ್ಪು ನನ್ನದು. ಮಿಸ್ತ್ರಿ ಹೇಳಿದ್ದೇ ಸರಿ. ನಾನು ಪುಸ್ತಕ ನೋಡಿ ಹೇಳಿದೆ. ಪುಸ್ತಕದಲ್ಲಿ ಎಲ್ಲ ಬ್ಯಾಟರಿಯೂ ಹೊಸದೇ ಇರುತ್ತದೆ."

ಅವನು ನಕ್ಕ. "ಹಂಗೆಲ್ಲ ಹೇಳ್ಬೇಡಿ ಅಕ್ಕೋರೆ. ಬ್ಯಾಟರಿಯೇ ಖೋಟಾ. ಮಿಸ್ತ್ರಿ ಹಳೇ ಮಾಲಿಗೆ ಬಣ್ಣ ಹಚ್ಚಿ ಕೊಟ್ಟಿದಾನೆ."

"ಅಲ್ಲ ಮಾರಾಯ. ನಾನೇ ನೋಡಿ ಆರಿಸಿದ್ದಲ್ವಾ?"

"ನಿಮಗೂ ಮೋಸ ಮಾಡಿದಾನೆ ಅವ."

ಮತ್ತೆ ಮತ್ತೆ ಹೇಳಿದೆ. ಕೊನೆಗೆ ಅವನು ನೆಲ ನೋಡುತ್ತ ಹೇಳಿದ, "ನೀವೇ ತಪ್ಪು ಅಂದ್ರೆ ನಾವು ಇನ್ನು ಯಾರ ಮಾತು ಕೇಳೂದು ಹೇಳಿ? ಅದನ್ನ ಬಿಟ್ಟುಬಿಡಿ." ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನನಗೆ ಇನ್ನೊಂದು ಲೋಟ ಚಾ ಬಂತು. ಕುಡಿದೆ. ಏನು ಮಾಡಲಿ?

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನನ್ನೊಳಗೇ ಇಟ್ಟುಕೊಂಡು ನವೆಯುತ್ತಿದ್ದೆ.

ಆದರೆ ಸುರೇಶ ನಾಲ್ಕು ಜನರನ್ನು ಕಟ್ಟಿಕೊಂಡು ಕುಮಟೆಗೆ ಹೋಗಿ ಮಿಸ್ತ್ರಿಯ ಅಂಗಡಿಯ ಮುಂದೆ ಗಲಾಟೆ ಮಾಡಿದ್ದ. ಬಂದರಿನಲ್ಲಿ ಸುದ್ದಿ ಹಬ್ಬಿತು. ಪಾಂಡು ಮಿಸ್ತ್ರಿ ಖೋಟಾ ಬ್ಯಾಟರಿ ಕೊಟ್ಟು ನಾಗೇಶನ ಕೈ ಕಳೆದ. ಒಂದೊಂದೇ ಬೋಟಿನವರು ಅವರನ್ನು ಬಿಟ್ಟರು.

ತಿಳಿದ ದಿನವೇ ಕುಮಟೆಗೆ ಹೋದೆ. ಅಂಗಡಿಯಲ್ಲಿ ಸ್ಕೂಟರಿನ ಸಣ್ಣ ಬ್ಯಾಟರಿ ಒಂದು ಚಾರ್ಜಿಗೆ ಕೂತಿತ್ತು. ಬೇರೇನೂ ಕೆಲಸ ಕಾಣಲಿಲ್ಲ. ಕೈ ಮುಗಿದೆ. ನನಗಿಂತ ಹೆಚ್ಚು ಬಲ್ಲವರ ಬಾಯಿ ಮುಚ್ಚಿಸಿದೆ, ಕ್ಷಮಿಸಿ ಅಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಒಳ್ಳೆಯದಿತ್ತು.

"ನೀವು ಬಂದು ಹೇಳಿದ್ರಿ. ಆತು," ಅಂದರು. "ಆದ್ರೆ ನಂಗೆ ಹೇಳಿ ಎಂತ ಆಗಬೇಕು? ನಂಗೆ ಗೊತ್ತಿದ್ದದ್ದೇ. ಬಂದರಲ್ಲಿ ಹೇಳಿ."

ಬಂದರಿಗೆ ಹೋದೆ. ಮೀನು ಹರಾಜು ನಡೆಯುವ ಜಾಗದಲ್ಲೇ ನಿಂತು ಹೇಳಿದೆ. ತಪ್ಪು ನನ್ನದು, ಮಿಸ್ತ್ರಿಯದ್ದಲ್ಲ. ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. ಕ್ಲಾಸಿನಲ್ಲಿ ಕೂತ ಹಾಗೆ ಸುಮ್ಮನೆ ಕೇಳಿದರು. ಬುಟ್ಟಿ ಹೊತ್ತ ಹೆಂಗಸರೂ ನಿಂತು ಕೇಳಿದರು. ಮುಗಿದ ಮೇಲೆ ಒಬ್ಬ ಹೇಳಿದ, "ಅಕ್ಕೋರದ್ದು ದೊಡ್ಡ ಮನಸ್ಸು. ಆ ಮುದುಕನ ಹೊಟ್ಟೆಪಾಡು ಹೋಗಬಾರ್ದು ಅಂತ ತಪ್ಪು ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ." ಎಲ್ಲರೂ ಹೌದು ಹೌದು ಅಂದರು. ಒಬ್ಬಳು ನನಗೆ ಎರಡು ಇಸ್ವಾಣ ಮೀನು ಕೊಡಲು ಬಂದಳು.

ತಪ್ಪು ಹೇಳಿದಾಗ ನಾಗೇಶ ನನ್ನನ್ನು ನಂಬಿದ. ನಿಜ ಹೇಳಲು ಹೋದರೆ ಬಂದರಿನಲ್ಲಿ ನನ್ನ ಗೌರವ ಇನ್ನಷ್ಟು ಹೆಚ್ಚಿತು. ಇದಕ್ಕೆ ಏನು ಮದ್ದು? ಮಿಸ್ತ್ರಿ ಇಂಗ್ಲಿಷಿನಲ್ಲಿ ನಾಲ್ಕು ಶಬ್ದ ಹೇಳಿದ್ದರೆ ನಾಗೇಶ ಅವರ ಮಾತು ಕೇಳುತ್ತಿದ್ದನೋ ಏನೋ. ಹಾಗೆ ನಾವೇ ಕಲಿಸಿದ್ದಲ್ಲವೇ? ಬೆಂಚಿನ ಮೇಲೆ ಕೂರಿಸಿ, ಕೈ ಕಟ್ಟಿಸಿ, ಎದುರು ಮಾತಾಡಿದವರನ್ನು ಹೊರಗೆ ನಿಲ್ಲಿಸಿ ಕಲಿಸಿದ್ದಲ್ಲವೇ? ಒಂಬತ್ತನೇ ಇಯತ್ತೆಗೆ ಬಿಟ್ಟುಹೋದ ಹುಡುಗ ಬೇರೆಲ್ಲ ಪಾಠ ಮರೆತಿದ್ದ. ಇದೊಂದನ್ನು ಮರೆತಿರಲಿಲ್ಲ.

ಈಗ ಬೋಟು ಸುರೇಶನ ಕೈಯಲ್ಲಿದೆ. ಹಾಡೂ ಇದೆ. (ಮೂರು ಹೊಸ ಬ್ಯಾಟರಿಗಳು, ಬೇರೆ ಅಂಗಡಿಯವು. ಒಟ್ಟಿಗೆ ಕಟ್ಟಿದ್ದಾನೋ ಬೇರೆಯೋ, ನಾನು ಕೇಳಲಿಲ್ಲ. ಕೇಳಿ ಬುದ್ಧಿ ಹೇಳಲು ನನಗೆ ಯಾವ ಮುಖವಿದೆ?) ನಾಗೇಶ ಬೆಳಿಗ್ಗೆ ದಕ್ಕೆಗೆ ಬರುತ್ತಾನೆ, ಬೋಟು ಹೊರಡುವವರೆಗೆ ನಿಲ್ಲುತ್ತಾನೆ, ಮನೆಗೆ ಹೋಗುತ್ತಾನೆ.

ಬಾಯಿಮಾತನ್ನು ನಂಬದವರು ಅಚ್ಚಾದದ್ದನ್ನಾದರೂ ನಂಬಬಹುದು ಅಂತ ಇದನ್ನು ಬರೆಯಲು ಕೂತೆ. ನಿನ್ನೆ ಪೇಟೆಯಲ್ಲಿ ಸುರೇಶ ಸಿಕ್ಕಿದಾಗ ಹೇಳಿದೆ, ಈ ವಾರ ಬ್ಯಾಟರಿಯ ಸಂಗತಿಯನ್ನೇ ಪೇಪರಿಗೆ ಬರೆಯುತ್ತಿದ್ದೇನೆ, ಇದ್ದದ್ದು ಇದ್ದ ಹಾಗೆ.

ಅವನ ಮುಖ ಅರಳಿತು. "ಬರೀರಿ ಅಕ್ಕೋರೆ. ಆ ಮಿಸ್ತ್ರಿ ಹೆಸರು ಮಾತ್ರ ಬಿಡಬೇಡಿ."

ನಾನು ಇನ್ನು ಯಾವ ಕನ್ನಡದಲ್ಲಿ ಬರೆಯಲಿ?